ಹೀರೇಬಳ್ಳಿಯ ಬೇಸಿನ್

ಸಾವಂತ್ರವ್ವನ ಮನೆಯಲ್ಲಿ ಕಕ್ಕಸು ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೂವತ್ತೊಂದು ವರ್ಷ ದಿನವೂ ತಂಬಿಗೆ ಹಿಡಿದು ಇಟ್ಟಿಗೆ ಭಟ್ಟಿಯ ಹಿಂದಿನ ಜಾಲಿಕಂಟಿಯ ಮರೆಗೆ ಹೋಗಿ ಬಂದಳು. ಅವಳ ಗಂಡ ಕಾಡಪ್ಪ ಕುಂಬಾರ. ಅರ್ಧ ಊರಿನ ನೀರು ಆ ಮನೆಯ ಗಡಿಗೆಗಳಲ್ಲೇ ತಣ್ಣಗಾಗುತ್ತಿತ್ತು. ಜಾಲಿ ಕಡಿದು ಅಲ್ಲಿ ಬಸ್ ನಿಲ್ದಾಣ ಕಟ್ಟಿದ ವರ್ಷ ಸಾವಂತ್ರವ್ವನಿಗೆ ಬೇರೆ ದಾರಿ ಉಳಿಯಲಿಲ್ಲ. ಗುಂಡಿಯನ್ನು ಕಾಡಪ್ಪ ತೋಡಿದ. ಗೋಡೆಯನ್ನು ಗೌಂಡಿ ಎಬ್ಬಿಸಿದ. ಕೂರುವ ಬೇಸಿನ್ ಮಾತ್ರ ಅಂಗಡಿಯಿಂದ ಬರಲಿಲ್ಲ. ಅದನ್ನು ಅವಳು ಮಣ್ಣಿನಲ್ಲಿ ತಾನೇ ತಟ್ಟಿ, ನಮೂನೆ ಕೊರೆದು, ಆವಿಗೆಯಲ್ಲಿ ಸುಟ್ಟು, ಮೆರುಗು ಕೊಟ್ಟು ಮತ್ತೊಮ್ಮೆ ಸುಟ್ಟು ತಯಾರು ಮಾಡಿದಳು. ಆಮೇಲೆ ಕೈ ತೊಳೆದುಕೊಂಡು ನೆಟ್ಟಗೆ ನಮ್ಮ ಕಚೇರಿಗೆ ಬಂದು, ನೋಂದಣಿ ಮಾಡಿಕೊಳ್ಳಿ ಎಂದಳು.

ನಾನು ನಮೂನೆ ಕಚೇರಿಯಲ್ಲಿ ಬರಹಗಾರ್ತಿ. ನಮ್ಮೂರಲ್ಲಿ ಒಬ್ಬರು ಕೈಯಾರೆ ಮಾಡಿದ ನಮೂನೆಯನ್ನು ಇನ್ನೊಬ್ಬರು ನಕಲು ಮಾಡಿದರೆ ಅದು ಮೊದಲಿದ್ದ ಜಾಗದಿಂದ ಹೊರಟುಹೋಗುತ್ತದೆ. ಒಂದು ಎಲೆ ನಕಲಾದರೆ ಒಂದು ಎಲೆ ಹೋಗುತ್ತದೆ. ಮಾಡಿದವರೇ ಎರಡನೆಯ ಸಲ ಮಾಡಿದರೂ ಅಷ್ಟೇ. ನಕಲು ಮಾಡಿದವರು ತಮ್ಮ ಕೈಯಿಂದಲೇ ಅಳಿಸಿದರೆ ಹೋದದ್ದು ಮರಳಿ ಬರುತ್ತದೆ. ಬೇರೆಯವರು ಒಡೆದರೆ ಎರಡೂ ಕಡೆ ಇಲ್ಲ. ನೆರೆಯವಳು ರಂಗೋಲಿ ಹಾಕುವಾಗ ತನ್ನ ಕದ ಮುಚ್ಚಿಕೊಳ್ಳುವುದು ಇಲ್ಲಿ ಮರ್ಯಾದೆ. ಶಾಲೆಯಲ್ಲಿ ಚಿತ್ರದ ಮೇಷ್ಟ್ರು ಹಲಗೆಯ ಮೇಲೆ ಮಾವಿನಹಣ್ಣು ಬರೆದರೆ ಮುಂದಿನ ಬೆಂಚಿನ ಯಾರೋ ಒಬ್ಬರು ಬರೆದುಕೊಳ್ಳುವಷ್ಟರಲ್ಲಿ ಹಲಗೆ ಖಾಲಿ. ಹಿಂದಿನ ಬೆಂಚಿನವರಿಗೆ ಯಾವ ವರ್ಷವೂ ಮಾವಿನಹಣ್ಣು ಸಿಕ್ಕಿಲ್ಲ. ಹೊರಗಿನಿಂದ ಬಂದು ಫೋಟೊ ಅಂಗಡಿ ಇಟ್ಟವನೊಬ್ಬ ಮೊದಲ ಮದುವೆಯಲ್ಲೇ ಮದುಮಗಳ ಸೀರೆಯ ಸೆರಗು ಬೋಳಾದದ್ದನ್ನು ಕಂಡು ಊಟಕ್ಕೂ ನಿಲ್ಲದೆ ಊರು ಬಿಟ್ಟ. ಅವಳ ಮುಖಕ್ಕೆ ಏನೂ ಆಗಿರಲಿಲ್ಲ. ಮುಖವನ್ನು ಯಾರೂ ಕೈಯಾರೆ ಮಾಡಿರುವುದಿಲ್ಲ.

ನಕಲು ಸಾಬೀತಾದರೆ ಶಿಕ್ಷೆ ಒಂದು ವರ್ಷದ ಬೋಳು. ಅಂಚಿಲ್ಲದ ಸೀರೆ ಉಡಬೇಕು, ಬಾಗಿಲಿಗೆ ರಂಗೋಲಿ ಇರಬಾರದು, ತಟ್ಟೆಯ ಮೇಲೆ ಒಂದು ಗೆರೆಯೂ ಇರಬಾರದು. ಜೈಲು ಇದಕ್ಕಿಂತ ಮೇಲು ಎಂದವರಿದ್ದಾರೆ. ಸಾಬೀತು ಮಾಡಲು ಕಚೇರಿಯಲ್ಲಿ ದಾಖಲೆ ಬೇಕು. ಆದರೆ ದಾಖಲೆಗೆ ಚಿತ್ರ ಬರೆದರೆ ಅದೇ ನಕಲಾಗುತ್ತದೆ. ಆದ್ದರಿಂದ ಕಚೇರಿ ಹುಟ್ಟಿದಾಗಿನಿಂದ ಎಲ್ಲವೂ ಮಾತಿನಲ್ಲೇ. ಒಂದು ವಹಿ, ಅದರಲ್ಲಿ ವರ್ಣನೆ. ಮಾತಿನಿಂದ ಯಾವ ನಮೂನೆಯೂ ಎಲ್ಲಿಗೂ ಹೋದದ್ದಿಲ್ಲ. ನನಗೆ ಕೆಲಸ ಸಿಕ್ಕ ಪರೀಕ್ಷೆಯಲ್ಲಿ ಒಂದು ಆಕಳಿನ ಚಿತ್ರ ಬರೆಯಲು ಹೇಳಿದರು. ಅದು ಆಕಳಿನ ಹಾಗೆ ಕಂಡವರನ್ನೆಲ್ಲ ಮನೆಗೆ ಕಳಿಸಿದರು. ನನ್ನದನ್ನು ನೋಡಿ, ಇದು ಹಗ್ಗದ ಹೊರಸೇನು ಎಂದು ಕೇಳಿದರು. ಕೆಲಸ ನನಗೆ ಸಿಕ್ಕಿತು.

ಹಿರಿಯ ಬರಹಗಾರರಾದ ಗದಿಗಯ್ಯನವರು ನನಗೆ ಮೊದಲ ದಿನವೇ ಹೇಳಿದ್ದರು. "ನೋಡು ತಂಗಿ, ವರ್ಣನಾ ಅಂದ್ರ ಹೆಣದ ಪಂಚನಾಮೆ ಇದ್ದಂಗ ಇರಬೇಕು. ಓದಿದವ ಗುರುತು ಹಿಡೀಬೇಕು, ಆಸೆಪಡಬಾರದು." ಅವರ ಬರಹ ಹಾಗೇ ಇರುತ್ತಿತ್ತು. ಲೋಟ ಒಂದು. ಮೇಲೆ ಹೂ. ಹೂ ಏಳು. ಬಣ್ಣ ನೀಲಿ. ಇಪ್ಪತ್ತೆಂಟು ವರ್ಷದಲ್ಲಿ ಅವರು ಎಲೆಯನ್ನು ಎಲೆ ಎಂದಷ್ಟೇ ಬರೆದಿದ್ದರು.

ಸಾವಂತ್ರವ್ವನ ಮನೆಗೆ ನಾನು ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಕಕ್ಕಸು ಹಿತ್ತಲಿನ ಮೂಲೆಯಲ್ಲಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದೆ.

"ಚಪ್ಪಲಿ ಯಾಕ ಬಿಡತೀರಿ ಬಾಯಾರ? ದೇವರಕೋಣಿ ಅಲ್ಲದು. ಹಾಕ್ಕೊಂಡ ಬರ್ರಿ," ಎಂದಳು.

ಆದರೂ ಬಿಟ್ಟೆ. ಬೇಸಿನ್ ಹಾಲಿನ ಕೆನೆಯ ಬಣ್ಣದ್ದು. ಅಂಚಿನ ಸುತ್ತ ಹೀರೇಬಳ್ಳಿ ಹಬ್ಬಿತ್ತು. ಅದರ ಎಲೆಗಳು ಹೀರೇ ಎಲೆ ಇರುವ ಹಾಗೇ ಒರಟಾಗಿದ್ದವು, ಬೆರಳಾಡಿಸಿದರೆ ಚುರುಚುರು ಅನ್ನುತ್ತಿದ್ದವು. ಹಳದಿ ಹೂಗಳಲ್ಲಿ ಒಂದೆರಡು ಬಾಡಿದ್ದವು. ಬಾಡಿದ ಹೂವನ್ನು ನಮೂನೆಯಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಲಿಡುವ ಜಾಗದಲ್ಲಿ ಎರಡು ಹೀರೇಕಾಯಿಗಳನ್ನು ಅರ್ಧ ಹೂತಿಟ್ಟ ಹಾಗೆ ಮಾಡಿದ್ದಳು. ಹೀರೇಕಾಯಿಯ ಏಣುಗಳು ಪಾದವನ್ನು ಹಿಡಿದುಕೊಳ್ಳುತ್ತವೆ, ಒದ್ದೆಯಾದರೂ ಕಾಲು ಜಾರುವುದಿಲ್ಲ. ಅಂದಕ್ಕೂ ಉಪಯೋಗಕ್ಕೂ ಒಂದೇ ಕಾಯಿ. ಇದನ್ನು ಯೋಚಿಸಿದ ತಲೆಯ ಬಗ್ಗೆ ನನಗೆ ಆಗಲೇ ಗೌರವ ಹುಟ್ಟಿತು. ಬಳ್ಳಿಯ ಕೆಳಗೆ, ಬೇಸಿನ್ನಿನ ಒಳಅಂಚಿನಲ್ಲಿ, ಸುತ್ತಲೂ ಇರುವೆಗಳ ಸಾಲು.

"ಹೀರೇಬಳ್ಳಿ ಯಾಕವ್ವಾ? ಅದೂ ಇರುವೆ?" ಎಂದೆ.

"ಮತ್ತೇನ್ ಬರೀಲಿ ಹೇಳ್ರಿ? ಕಮಲ ಬರದ್ರ ಅದು ಲಕ್ಷ್ಮಿ ಕುಂದ್ರೂ ಜಾಗ. ನವಿಲು ಸುಬ್ಬಪ್ಪಂದು. ಇಲಿ ಗಣಪ್ಪಂದು. ಎಕ್ಕಿ ಹನಮಪ್ಪಗ, ದತ್ತೂರಿ ಈಶ್ವರಗ. ಕಡೀಕ ಬಸವನಹುಳ ಬರೀಬೇಕಂತ ಮಾಡಿದ್ನಿ, ಅದರ ಹೆಸರಿನ್ಯಾಗೂ ಬಸವಣ್ಣ ಬಂದ ಕುಂತಾನ. ಎಲ್ಲಾ ದೇವರ ಹಂಚ್ಕೊಂಡ ಬಿಟ್ಟಾರ. ನಾಕ ತಿಂಗಳ ಹುಡುಕೀನಿ ಬಾಯಾರ. ಹೀರೇಬಳ್ಳಿ ಯಾರಿಗೂ ಬ್ಯಾಡ. ಇರುವೀನೂ ಯಾರಿಗೂ ಬ್ಯಾಡ."

"ನನಗೂ ಬ್ಯಾಡಾಗಿತ್ತು," ಎಂದು ಹೊರಗೆ ತಿಗರಿಯ ಮುಂದೆ ಕುಳಿತಿದ್ದ ಕಾಡಪ್ಪ ಕೂಗಿದ. "ಯಾರ್ ಕೇಳ್ತಾರ? ಕುಂತ್ರ ಇರುವಿ ಕಡದಂಗ ಆಕ್ಕೈತಿ."

"ಕಣ್ಣ ಮುಚ್ಕೊಂಡ ಕುಂದ್ರು."

"ಮುಚ್ಕೊಂಡ ಕುಂದ್ರತೀನಲ್ಲ! ಅದಕ್ಕ ನೀರ ಎಲ್ಲೆಲ್ಲೋ ಬೀಳ್ತೈತಿ ಅಂತ ಬೈತಿ."

ಕಕ್ಕಸಿನ ಒಳಗೆ ಬಂದು ಯಾರು ನಕಲು ಮಾಡುತ್ತಾರೆ, ನೋಂದಣಿ ಯಾಕೆ ಎಂದು ನಾನು ಕೇಳಲೇಬೇಕಿತ್ತು. ಅದು ನಮೂನೆಯ ಅರ್ಜಿಯಲ್ಲಿರುವ ಪ್ರಶ್ನೆ. ಸಾವಂತ್ರವ್ವ ಸೆರಗಿನಿಂದ ಬೇಸಿನ್ನಿನ ಅಂಚು ಒರೆಸಿದಳು.

"ಮೂವತ್ತೊಂದ ವರ್ಷ ಗಡಗಿ ಮಾಡೀನಿ. ಒಂದರ ಮ್ಯಾಲೂ ಒಂದ ಗೀರ ಎಳದಿಲ್ಲ. ಎಳದ್ರ ಅಂಥಾದ್ದ ಇನ್ನೊಂದ ಮಾಡಾಕ ಬರೂದಿಲ್ಲ, ಕುಂಬಾರಗ ಒಂದ ಗಡಗಿ ಮಾಡಿ ನಡೀತೈತೇನ್ರಿ? ಇದೊಂದ ನಂದು. ಇದು ಹಿಂಗ ಇರಬೇಕು, ನಾ ಸತ್ತಮ್ಯಾಲೂ ಹಿಂಗ ಇರಬೇಕು. ಒಂದ ಇರುವಿ ಕಾಲ ಹೋದ್ರೂ ನಾ ನಿಮ್ಮ ಕಚೇರಿ ಮುಂದ ಬಂದ ಕುಂದ್ರತೀನಿ. ಬರಕೋರಿ."

ನಾನು ಕಸಬರಿಗೆಯ ಕಡ್ಡಿಯೊಂದನ್ನು ಹಿಡಿದು ಇರುವೆಗಳನ್ನು ಎಣಿಸಲು ಕುಳಿತೆ. ನೂರ ಎಂಬತ್ತು. ಎರಡನೆಯ ಸಲ ಎಣಿಸುವಾಗ ನನಗೆ ಹೊಳೆದದ್ದು, ಯಾವ ಇರುವೆಯೂ ಇನ್ನೊಂದರ ಹಾಗಿರಲಿಲ್ಲ. ಹಾಗಿರಲು ಸಾಧ್ಯವೂ ಇರಲಿಲ್ಲ. ಎರಡನೆಯ ಇರುವೆ ಮೊದಲನೆಯದರ ಹಾಗಿದ್ದರೆ ಮೊದಲನೆಯದು ಅವಳ ಕಣ್ಣ ಮುಂದೆಯೇ ಮಾಯವಾಗುತ್ತಿತ್ತು. ಆದ್ದರಿಂದ ಒಂದರ ಬೆನ್ನ ಮೇಲೆ ಅಕ್ಕಿನುಚ್ಚು, ಒಂದರ ಬಾಯಲ್ಲಿ ಸತ್ತ ನೊಣದ ರೆಕ್ಕೆ, ಒಂದು ಕುಂಟು, ಒಂದು ಮುಂದಿನದನ್ನು ನೂಕುತ್ತಿದೆ, ಒಂದು ನಿಂತು ಮೀಸೆ ಒರೆಸಿಕೊಳ್ಳುತ್ತಿದೆ. ಓದುಬರಹ ಬಾರದ ಹೆಂಗಸು ನೂರ ಎಂಬತ್ತು ಇರುವೆಗಳಿಗೆ ನೂರ ಎಂಬತ್ತು ಕೆಲಸ ಹಚ್ಚಿದ್ದಳು. ನಾನು ಹಾಸ್ಟೆಲಿನಲ್ಲಿ ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ಬೇರೆ ಬೇರೆ ಜನ ಇರಲಿಲ್ಲ.

ಇಲ್ಲಿ ನಾನು ತಪ್ಪು ಮಾಡಿದೆ. ಪಂಚನಾಮೆ ಬರೆಯಲಿಲ್ಲ. ಮೂರು ದಿನ ಆ ಕಕ್ಕಸಿನಲ್ಲಿ ಮಣೆ ಹಾಕಿಕೊಂಡು ಗೋಡೆಗೆ ಮುಖಮಾಡಿ ಕುಳಿತು, ಎಡಗಾಲಿನ ಹತ್ತಿರದ ಹೂವಿನಿಂದ ಶುರುಮಾಡಿ, ಕಂಡದ್ದನ್ನು ಕಂಡ ಹಾಗೆ ಬರೆದೆ. ಎಲೆಯ ಒರಟು ಎಷ್ಟೆಂದು ಬರೆದೆ. ಹೂ ಬಾಡುವಾಗ ಅಂಚು ಯಾವ ಕಡೆ ಮಡಚುತ್ತದೆಂದು ಬರೆದೆ. ಅರವತ್ತು ಇರುವೆಗಳನ್ನು ಒಂದೊಂದಾಗಿ ಬರೆದು ಕೈ ಸೋತು ಉಳಿದ ನೂರ ಇಪ್ಪತ್ತಕ್ಕೆ ಇತ್ಯಾದಿ ಎಂದೆ. ಹನ್ನೊಂದು ಪುಟವಾಯಿತು.

"ಹನ್ನೊಂದ ಪುಟಾ?" ಎಂದರು ಗದಿಗಯ್ಯನವರು. "ಊರಿಗೆ ನೀರ ತಂದ ಯೋಜನಾ ಮೂರ ಪುಟದಾಗ ಮುಗದೈತಿ. ಇದು ಕಕ್ಕಸ ತಂಗಿ."

"ಇರೋದನ್ನೇ ಬರೆದಿದ್ದೇನೆ ಸಾಹೇಬ್ರ."

ಅವರು ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಅವರ ಚಹಾ ಆರಿಹೋಯಿತು. ಕೊನೆಗೆ ವಹಿ ಮುಚ್ಚಿ, "ಹೋಗಿ ನೋಡಿ ಬರಬೇಕನಸ್ತೈತಿ. ಇದು ಸರಿ ಅಲ್ಲ," ಎಂದರು. ಆದರೂ ಸಹಿ ಹಾಕಿದರು.

ನೋಂದಣಿಯಾದ ವರ್ಣನೆಯನ್ನು ಮೂರು ದಿನ ಕಚೇರಿಯ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಬೇಕು. ನನಗೆ ಗೊತ್ತಿರಲಿಲ್ಲ ಎಂದು ನಾಳೆ ಯಾರೂ ಹೇಳಬಾರದು. ಯಾರೂ ಕೇಳುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ನಾನು ಓದಿದ ಮೂರು ದಿನವೂ ಮೆಟ್ಟಿಲ ಕೆಳಗೆ ಇದ್ದದ್ದು ನಮ್ಮ ಸಿಪಾಯಿ, ಒಂದು ಆಡು, ಮತ್ತು ಸೊಂಟದ ಮೇಲೆ ಬೀಡಿಕಟ್ಟಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಒಬ್ಬ ಹೆಂಗಸು. ಅವಳು ನೆರಳಿಗೆ ನಿಂತಿದ್ದಾಳೆ ಎಂದುಕೊಂಡೆ.

ಎರಡು ವಾರದ ಮೇಲೆ ಸಾವಂತ್ರವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು. ಮೊಣಕೈವರೆಗೆ ಮಣ್ಣಿತ್ತು, ತೊಳೆದುಕೊಂಡಿರಲಿಲ್ಲ.

"ಬಾಯಾರ, ಎರಡ ಹೂ ಹೋದ್ವು. ಎಲಿ ಹೋಗ್ಯಾವು. ಇರುವಿ ಹೋಗಾಕತ್ಯಾವು."

ಅವಳ ಅನುಮಾನ ತವನಪ್ಪನ ಮೇಲೆ. ತವನಪ್ಪನದು ಊರಿನ ಒಂದೇ ಬೇಸಿನ್ ಅಂಗಡಿ. ಕುಂಬಾರರ ಮನೆಯಲ್ಲಿ ಬೇಸಿನ್ ಮಾಡಿದ್ದಾರಂತೆ ಎಂದು ಕೇಳಿ ಒಮ್ಮೆ ನೋಡಲು ಬಂದಿದ್ದ. ಅವಳು ಬಾಗಿಲು ತೆಗೆದಿರಲಿಲ್ಲ. ನಾವಿಬ್ಬರೂ ಅಂಗಡಿಗೆ ಹೋದೆವು. ಅಲ್ಲಿ ಬಿಳಿ ಬೇಸಿನ್ನುಗಳು ಒಂದರೊಳಗೊಂದು ಕುಳಿತಿದ್ದವು. ಒಂದಕ್ಕೂ ಒಂದು ಗೆರೆ ಇರಲಿಲ್ಲ.

"ಏನ್ ಮಾತಾಡ್ತೀಯವಾ?" ಎಂದ ತವನಪ್ಪ. "ಬೋಳ ಅದಾವು ಅಂತ ನನ್ನ ಅಂಗಡಿ ನಡದೈತಿ. ಬೋಳ ಇದ್ದದ್ದ ಎಷ್ಟಾರ ಬರ್ತಾವು. ಹೂ ಬರದ್ರ ಒಂದ ಮಾರಿ ಬಾಗಲಾ ಹಾಕಬೇಕ ನಾನು. ನಕಲ ಮಾಡೂ ಮುಖ ಐತೇನ ನಂದು?"

"ಮುಖ ಬ್ಯಾಡ. ಕೈ ತೋರಸು."

ತವನಪ್ಪ ಎರಡೂ ಕೈ ಚಾಚಿದ. ಸಾವಂತ್ರವ್ವ ಅವನ ಬೆರಳುಗಳನ್ನು ಬದನೆಕಾಯಿ ಆರಿಸುವ ಹಾಗೆ ಹೊರಳಿಸಿ ನೋಡಿದಳು. ಉಗುರುಗಳನ್ನು ನೋಡಿದಳು. ಬಿಟ್ಟಳು.

"ಇವಲ್ಲ. ಇವು ಏನೂ ಮಾಡಿದ ಕೈ ಅಲ್ಲ," ಎಂದಳು. ತವನಪ್ಪನಿಗೆ ಅದು ಬಿಡುಗಡೆಯೋ ಬೈಗುಳವೋ ತಿಳಿಯಲಿಲ್ಲ. ನಮಗಿಬ್ಬರಿಗೂ ಸೋಡಾ ತರಿಸಿದ.

ಅಲ್ಲಿಂದ ಅವಳ ಮನೆಗೆ ಹೋಗಿ ನಾನು ವಹಿ ತೆರೆದು ಬೇಸಿನ್ನಿನ ಮುಂದೆ ಕುಳಿತೆ. ಹೋದದ್ದರ ಎದುರು ಒಂದೊಂದು ಚುಕ್ಕೆ ಇಡುತ್ತ ಬಂದೆ. ಮೊದಲ ಪುಟದ ಎಡಗಾಲಿನ ಹತ್ತಿರದ ಹೂ ಹೋಗಿತ್ತು. ಅದರ ಕೆಳಗಿನ ಮೂರು ಎಲೆ ಹೋಗಿದ್ದವು. ಆಮೇಲೆ ನಾನು ಬಲಕ್ಕೆ ಹಾರಿ ಬಾಡಿದ ಹೂವಿನ ಬಗ್ಗೆ ಬರೆದಿದ್ದೆ, ಅದೂ ಹೋಗಿತ್ತು. ಮತ್ತೆ ಎಡಕ್ಕೆ ಬಂದು ಇರುವೆ ಶುರು ಮಾಡಿದ್ದೆ. ಇರುವೆಗಳೂ ಅಲ್ಲಿಂದಲೇ ಹೋಗಿದ್ದವು. ಎರಡು ಪುಟ ಪೂರ್ತಿ ಚುಕ್ಕೆಗಳಾದವು. ಮೂರನೆಯ ಪುಟದ ಅರ್ಧದವರೆಗೆ ಹೋಗಿ ನಿಂತಿದ್ದವು. ಅಲ್ಲಿಂದ ಮುಂದೆ ಒಂದೂ ಹೋಗಿರಲಿಲ್ಲ.

ಬೇಸಿನ್ ನೋಡಿ ನಕಲು ಮಾಡುವವರು ಬಳ್ಳಿಯ ಬುಡದಿಂದ ಶುರು ಮಾಡುತ್ತಾರೆ. ನಾನು ಹಾರಿದ ಹಾಗೆ ಯಾರೂ ಹಾರುವುದಿಲ್ಲ. ಯಾರೋ ಬೇಸಿನ್ನನ್ನು ನೋಡದೆ ನನ್ನ ಮಾತಿನಿಂದ ಅದನ್ನು ಮಾಡುತ್ತಿದ್ದರು.

ನನಗೆ ಹೆದರಿಕೆಗಿಂತ ಮೊದಲು ಬಂದದ್ದು ಹೆಮ್ಮೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಚೇರಿಯ ಇಷ್ಟು ವರ್ಷದಲ್ಲಿ ಯಾರ ಮಾತಿನಿಂದಲೂ ಒಂದು ಎಲೆ ಅಲುಗಿರಲಿಲ್ಲ. ಆಮೇಲೆ ಸಾವಂತ್ರವ್ವನ ಮುಖ ನೋಡಿದೆ. ಅವಳು ಇರುವೆ ಹೋದ ಬೋಳು ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ಇದು ನನ್ನಿಂದ ಆದದ್ದು," ಎಂದು ಹೇಳಿದೆ. ಚುಕ್ಕೆಗಳನ್ನು ತೋರಿಸಿದೆ.

ಅವಳು ವಹಿಯನ್ನು ದಿಟ್ಟಿಸಿದಳು. ಓದಲು ಬಾರದಿದ್ದರೂ ಪುಟ ತಿರುವಿ ತಿರುವಿ ನೋಡಿದಳು. "ಇಷ್ಟೊಂದ ಬರದೀರಿ?" ಎಂದಳು. "ಯಾರ್ ಕೇಳಿದ್ರು ಇದನ್ನ?"

ಆಗ ಬೀಡಿಬುಟ್ಟಿಯ ಹೆಂಗಸು ನೆನಪಾದಳು.

ಬೀಡಿ ಶೆಡ್ಡು ಸಂತೆಪೇಟೆಯ ಹಿಂದೆ. ನಾವು ಇನ್ನೂ ಗೇಟಿನಲ್ಲಿದ್ದಾಗಲೇ ಒಳಗಿನಿಂದ ದನಿ ಕೇಳಿತು. ನಲವತ್ತು ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಒಂದೇ ರಾಗದಲ್ಲಿ ಏನೋ ಹೇಳುತ್ತಿದ್ದರು. ಒಬ್ಬಳು ಮುಂದೆ ಹೇಳುವುದು, ಉಳಿದವರು ಹಿಂದಿನಿಂದ ಎತ್ತಿಕೊಳ್ಳುವುದು. "ಹನ್ನೆರಡನೇ ಇರುವೆ ಕುಂಟು, ಆದರೆ ಸಾಲು ಬಿಟ್ಟಿಲ್ಲ." ನನ್ನ ವಾಕ್ಯ. ಅಲ್ಪವಿರಾಮದ ಹತ್ತಿರ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರು.

ಮುಂದೆ ಹೇಳುತ್ತಿದ್ದವಳೇ ಬುಟ್ಟಿಯ ಹೆಂಗಸು. ಹೆಸರು ಫಕೀರವ್ವ. ಸೋಬಾನೆ ಪದ ಒಮ್ಮೆ ಕೇಳಿದರೆ ಸಾಕು, ಮರೆಯುತ್ತಿರಲಿಲ್ಲವಂತೆ. ನನ್ನ ಹನ್ನೊಂದು ಪುಟವನ್ನು ಮೂರು ಸಲ ಕೇಳಿದ್ದಳು. ನಮ್ಮನ್ನು ನೋಡಿ ಮೊರ ಕೆಳಗಿಟ್ಟು ಎದ್ದಳು. ನಾವು ಬಂದ ಕಾರಣ ಕೇಳಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಮಾತಿನಿಂದ ಹೋಗೂದಿಲ್ಲ ಅಂತಾರಲ್ರಿ? ನಾವ್ ಯಾರೂ ನೋಡೇ ಇಲ್ಲ ಅದನ್ನ. ನೋಡದ ಹೆಂಗ ನಕಲ ಆಕ್ಕೈತಿ?"

"ಆಗೈತಿ," ಎಂದಳು ಸಾವಂತ್ರವ್ವ. "ಎಲ್ಲೈತಿ ತೋರಸು."

ಶೆಡ್ಡಿನ ಹಿಂದೆ ಒಂದು ಕೋಣೆ. ಅದು ಮೊದಲಿನಿಂದ ಕಕ್ಕಸಿಗೆಂದೇ ಕಟ್ಟಿದ್ದು, ಆದರೆ ಮೇಸ್ತ್ರಿ ಅದರಲ್ಲಿ ಬೀಡಿ ಎಲೆಯ ಚೀಲ ತುಂಬಿ ಬೀಗ ಹಾಕಿದ್ದ. ಹೆಂಗಸರು ಆರು ವರ್ಷ ಬಿಟ್ಟು ಬಿಟ್ಟು ಕೇಳಿ ಸುಮ್ಮನಾಗಿದ್ದರು. ಫಕೀರವ್ವ ಈ ವರ್ಣನೆ ಹೇಳಿಕೊಟ್ಟ ಮೇಲೆ ಒಂದು ಬೆಳಿಗ್ಗೆ ನಲವತ್ತೂ ಮಂದಿ ಮೊರ ಬೋರಲು ಹಾಕಿ ಕುಳಿತರಂತೆ. ಬೀಗ ಮಧ್ಯಾಹ್ನದೊಳಗೆ ತೆರೆಯಿತು. ಬೇಸಿನ್ನಿಗೆ ಮಣ್ಣೂ ಆವಿಗೆಯೂ ಇಲ್ಲದ್ದರಿಂದ ಸಿಮೆಂಟಿನಲ್ಲಿ ಮಾಡಿ, ಹಸಿ ಇರುವಾಗಲೇ ಅದಕ್ಕೂ ನೆಲಕ್ಕೂ ಮೊಳೆಯಿಂದ ಕೊರೆಯುತ್ತ ಹೋಗಿದ್ದರು. ದಿನಕ್ಕೆ ಎಷ್ಟು ಕೊರೆಯಲಾಗುವುದೋ ಅಷ್ಟೇ ಸಿಮೆಂಟು. ಹೂವಿಗೆ ಅರಿಸಿನ ತುಂಬಿದ್ದರು.

ಸಾವಂತ್ರವ್ವ ಒಳಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತಳು. ಬಹಳ ಹೊತ್ತು ನೋಡಿದಳು. ಬಾಗಿಲಲ್ಲಿ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು.

"ಕಾಲ ಎಂಟ ಯಾಕ? ಇರುವಿಗೆ ಆರ ಕಾಲ," ಎಂದಳು.

"ಎಷ್ಟ ಕಾಲ ಅಂತ ಅದರಾಗ ಇರಲಿಲ್ಲರಿ," ಎಂದಳು ಫಕೀರವ್ವ. ನಾನು ತಲೆ ತಗ್ಗಿಸಿದೆ.

"ಇವು ಯಾಕ ಹೊರಗ ಹೊಂಟಾವು? ನನ್ನವು ಸುತ್ತ ತಿರಗತಾವು."

ಅದನ್ನೂ ನಾನು ಬರೆದಿರಲಿಲ್ಲ. ಸಾಲಾಗಿ ಹೊರಟಿವೆ ಎಂದಷ್ಟೇ ಬರೆದಿದ್ದೆ. ಸಿಮೆಂಟಿನ ಇರುವೆಗಳು ಬೇಸಿನ್ನಿನ ಅಂಚಿನಿಂದ ಇಳಿದು ನೆಲದ ಮೇಲೆ ಬಾಗಿಲ ಕಡೆಗೆ ಹೊರಟಿದ್ದವು.

"ಅವಕ್ಕೂ ಕೆಲಸ ಇರ್ತೈತಲ್ರಿ. ಇಲ್ಲೆ ಎಷ್ಟೊತ್ತಂತ ಕುಂದ್ರತಾವು?" ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕು, ನಗಬಾರದಿತ್ತೆಂದು ನಿಲ್ಲಿಸಿದರು.

ಸಾವಂತ್ರವ್ವ ನಗಲಿಲ್ಲ. "ನನ್ನವು ನನಗ ವಾಪಸ್ ಬರಬೇಕು," ಎಂದಳು. "ಕೆರದ ಹಾಕು."

ಫಕೀರವ್ವ ಮೊಳೆ ತಂದಳು. ಅವಳಿಗೆ ಬೋಳಿನ ಭಯವಿತ್ತು. ಮುಂದಿನ ತಿಂಗಳು ಮಗಳ ಸೀಮಂತ, ತಾಯಿ ಅಂಚಿಲ್ಲದ ಸೀರೆ ಉಟ್ಟು ಆರತಿ ಎತ್ತಬೇಕಾಗುತ್ತಿತ್ತು. ಕೆರೆದರೆ ಕಕ್ಕಸು ಹೋಗುತ್ತಿರಲಿಲ್ಲ, ಅದೂ ನಿಜ. ಇರುವೆ ಹೋಗುತ್ತಿದ್ದವು ಅಷ್ಟೆ. ಅವಳು ಬಾಗಿಲ ಕಡೆಯಿಂದ ಹಿಂದಕ್ಕೆ ಶುರು ಮಾಡಿ ಒಂದು ಇರುವೆಯನ್ನು ಉಜ್ಜಿ ಅಳಿಸಿದಳು. ನಡುವೆ ಒಂದನ್ನು ಬಿಟ್ಟು ಇನ್ನೊಂದನ್ನು ಅಳಿಸಿದಳು. ಮತ್ತೆ ಒಂದನ್ನು ಬಿಟ್ಟು ಮೂರನೆಯದನ್ನು ಅಳಿಸಿದಳು.

"ನಡುವಿನವನ್ನ ಯಾಕ ಬಿಡಾಕತ್ತಿ?"

"ನಿಮ್ಮವನ್ನೆಲ್ಲ ನಾ ಕೊರದೀನಿ. ನಡುವಿನವು ನಿಮ್ಮವು ಅಲ್ಲರಿ. ನಮ್ಮವು. ಒಬ್ಬಾಕಿ ಒಂದ ಮಾಡೇವಿ."

ಸಾವಂತ್ರವ್ವ ನೆಲಕ್ಕೆ ಮುಖ ತಂದು ನೋಡಿದಳು. ಹೌದು. ನನ್ನ ಮಾತಿನ ಪ್ರಕಾರ ಒಂದು ಇರುವೆ, ಅದರ ಹಿಂದೆ ತಮ್ಮದೇ ಒಂದು. ಒಂದರ ಬೆನ್ನ ಮೇಲೆ ಬೀಡಿ. ಒಂದರದ್ದು ಹಣಿಗೆ. ಒಂದು ಇರುವೆ ಇನ್ನೊಂದು ಸಣ್ಣ ಇರುವೆಯನ್ನು ಕಂಕುಳಲ್ಲಿ ಎತ್ತಿಕೊಂಡಿತ್ತು. ಸೊಟ್ಟ ಕೆಲಸ, ಎಂಟು ಕಾಲು. ಆದರೆ ಯಾವುದೂ ಇನ್ನೊಂದರ ಹಾಗಿರಲಿಲ್ಲ.

ಹಣಿಗೆ ಹೊತ್ತ ಇರುವೆಯ ಮುಂದೆ ಈಗ ಕೆರೆದ ಗುರುತು, ಹಿಂದೆಯೂ ಕೆರೆದ ಗುರುತು. ಸಾವಂತ್ರವ್ವ ಅದರ ಮೇಲೆ ಬೆರಳಿಟ್ಟಳು.

"ಇದು ಈಗ ಯಾರ ಹಿಂದ ಹೊಂಟೈತಿ?"

ಫಕೀರವ್ವ ನಾಲ್ಕನೆಯದಕ್ಕೆ ಮೊಳೆ ಇಟ್ಟಳು.

"ನಿಲ್ಲು," ಎಂದಳು ಸಾವಂತ್ರವ್ವ. "ಸಾಲ ಮುರೀತೈತಿ. ಮುರದ ಸಾಲು ನೋಡಾಕ ಆಗೂದಿಲ್ಲ ನನಗ. ಕೊಡ ಇಲ್ಲೆ ಆ ಮೊಳೀನ. ಇದರಿಂದ ಯಾರರ ಕೊರೀತಾರೇನ? ತುದಿ ಮೊಂಡ. ಕೊಡಲಿ ತಂದ್ರೂ ನಡೀತಿತ್ತು." ತನ್ನ ತಲೆಗೂದಲಿಂದ ಒಂದು ಪಿನ್ನು ಕಿತ್ತು, ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಿದಳು. "ಸಿಮೆಂಟ ಕಲಸ್ರಿ, ತೆಳ್ಳಗ."

"ಯವ್ವಾ, ನೀವ್ ಮಾಡಿದ್ರೂ ನಿಮ್ಮ ಮನ್ಯಾಗ ಹೋಗ್ತಾವಲ್ರಿ," ಎಂದಳು ಫಕೀರವ್ವ.

"ನನಗ ಹೇಳಾಕ ಬರ್ತಿ? ಕುಂಬಾರ್ತಿ ನಾನು. ಸಿಮೆಂಟ ಕಲಸು."

ಅಳಿಸಿದ ಮೂರನ್ನೂ ಅವಳು ಮತ್ತೆ ಮಾಡಿದಳು. ಆರಾರು ಕಾಲು. ನಾನು ಸಾಲುಗಟ್ಟಲೆ ಬರೆದ ಕುಂಟು ಇರುವೆ ಅವಳ ಕೈಯಲ್ಲಿ ಎರಡು ಗೀರಿಗೆ ಕುಂಟಿತು. ಹೆಂಗಸರು ತಮ್ಮದೆಂದು ಮಾಡಿದ ಇರುವೆಗಳನ್ನು ಮುಟ್ಟಲಿಲ್ಲ. ಎಂಟು ಕಾಲಿನವು ಎಂಟು ಕಾಲಿನಲ್ಲೇ ಉಳಿದವು. ಆಮೇಲೆ ಬಾಗಿಲವರೆಗೆ ಎಷ್ಟು ಗೇಣು ಎಂದು ಅಳೆದು, "ಇಷ್ಟಕ್ಕ ಸಾಲದು, ಹೊಸ್ತಿಲಾ ಮುಟ್ಟಬೇಕು," ಎಂದಳು.

ಒಂಬತ್ತು ದಿನ ಅವಳು ದಿನವೂ ಬೀಡಿ ಶೆಡ್ಡಿಗೆ ಹೋದಳು. ನಾನೂ ಕಚೇರಿಗೆ ಹೋಗುವ ಮೊದಲು ಒಂದು ತಾಸು ಹೋಗಿ ಸಿಮೆಂಟು ಕಲಸಿದೆ. ನನ್ನ ವಹಿ ಅವಳಿಗೆ ಬೇಕಾಗಲಿಲ್ಲ. ಉಳಿದ ಹೂ, ಎಲೆ, ಕುಡಿಗಳೂ ನಾನು ಇತ್ಯಾದಿ ಎಂದು ಬಿಟ್ಟಿದ್ದ ನೂರ ಇಪ್ಪತ್ತು ಇರುವೆಗಳೂ ಅವಳ ತಲೆಯಲ್ಲಿದ್ದವು. ಒಂದೊಂದನ್ನು ಮುಗಿಸಿದಾಗಲೂ ಮನೆಯಲ್ಲಿ ಒಂದು ಹೋಯಿತೆಂದು ಅವಳಿಗೆ ಗೊತ್ತು, ನನಗೂ ಗೊತ್ತು. ಅವಳ ಕೈ ಒಂದು ಸಲವೂ ನಿಧಾನವಾಗಲಿಲ್ಲ. ಕೆಟ್ಟದ್ದನ್ನು ಅಳಿಸಿ ಮತ್ತೆ ಮಾಡುವಾಗ ಮಾತ್ರ ಬೈದುಕೊಳ್ಳುತ್ತಿದ್ದಳು. ಇಷ್ಟು ಒಳ್ಳೆಯ ಕೆಲಸ ಮಾಡುವವರನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಮತ್ತೆ ನೋಡಿಲ್ಲ. ಕಾಲಿಡುವ ಜಾಗ ನುಣ್ಣಗಿತ್ತು, ಒಬ್ಬಳು ಜಾರಿ ಮೊಣಕೈ ಕೆತ್ತಿಸಿಕೊಂಡಿದ್ದಳು. ಕೊನೆಯ ದಿನ ಸಾವಂತ್ರವ್ವ ಅಲ್ಲಿ ಹೀರೇಕಾಯಿಗಳನ್ನು ಕೂರಿಸಿದಳು.

ಆ ದಿನ ದಾರಿಯಲ್ಲಿ ನಾನು ಕೇಳಿದೆ. "ಸತ್ತ ಮೇಲೂ ಹಿಂಗೇ ಇರಬೇಕು ಅಂದಿದ್ರಿ. ಅವಳು ಕೆರೆದು ಹಾಕ್ತಿದ್ದಳಲ್ಲ, ಎಲ್ಲ ವಾಪಸ್ ಬರ್ತಿತ್ತು."

ಅವಳಿಗೆ ಸಿಟ್ಟು ಬಂತು. "ಮನ್ಯಾಗ ನೋಡವ್ರು ಯಾರು? ನಾನೊಬ್ಬಾಕಿ. ಅಂವ ಕಣ್ಣ ಮುಚ್ಚತಾನ. ಇಲ್ಲೆ ನಲವತ್ತ ಮಂದಿ ದಿನಾ ನೋಡ್ತಾರ. ತಪ್ಪ ಇರುವಿ ನೋಡ್ಕೋತ ಕುಂದ್ರಬೇಕೇನ ಅವರು? ನನ್ನ ಹೆಸರಲೆ?" ಸ್ವಲ್ಪ ದೂರ ನಡೆದ ಮೇಲೆ, "ಹಣಗಿ ಹೊತ್ತದ್ದ ನನಗ ಹೊಳೀಲಿಲ್ಲ ನೋಡು. ನೂರ ಎಂಬತ್ತ ಮಾಡೀನಿ, ಹಣಗಿ ಹೊಳೀಲಿಲ್ಲ," ಎಂದಳು. ಅಂದಿನಿಂದ ನನ್ನನ್ನು ಬಾಯಾರ ಎನ್ನುವುದನ್ನು ಬಿಟ್ಟಳು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ನಕಲು ಮಾಡಿದ ಕೈ ಯಾರದ್ದೆಂದು ಗದಿಗಯ್ಯನವರು ಕೇಳಿದರು. ಸಾವಂತ್ರವ್ವ ತನ್ನ ಎರಡೂ ಕೈ ಮೇಜಿನ ಮೇಲಿಟ್ಟು, "ಇವ," ಎಂದಳು. ಅವರು ಆ ಕೈಗಳನ್ನೂ ಬಾಗಿಲ ಹತ್ತಿರ ನಿಂತಿದ್ದ ಫಕೀರವ್ವನನ್ನೂ ನೋಡಿದರು. ಎಲ್ಲ ಗೊತ್ತಿತ್ತು ಅವರಿಗೆ. "ತನ್ನದನ್ನ ತಾನ ನಕಲ ಮಾಡಿದವರಿಗೆ ಶಿಕ್ಷಾ ಇಲ್ಲ," ಎಂದು ಬರೆಸಿದರು. ಫಕೀರವ್ವ ಮಗಳ ಸೀಮಂತಕ್ಕೆ ಕೆಂಪು ಅಂಚಿನ ಸೀರೆ ಉಟ್ಟಳು.

ನನ್ನನ್ನು ವರ್ಣನೆಯ ಕೆಲಸದಿಂದ ತೆಗೆದು ನಲ್ಲಿ ನೀರು ಬಿಡುವ ವೇಳೆಯ ಪ್ರಕಟಣೆ ಬರೆಯಲು ಹಾಕಿದರು. ಅದು ಸರಿಯೇ. "ನೀನು ಕೆಟ್ಟ ಬರೀಲಿಲ್ಲ ತಂಗಿ. ಅದ ತಪ್ಪ," ಎಂದರು ಗದಿಗಯ್ಯನವರು. ವಹಿಯನ್ನು ಒಪ್ಪಿಸುವ ಮೊದಲು ಆ ನೋಂದಣಿಯನ್ನು ನಾನೇ ಮುಗಿಸಬೇಕಿತ್ತು. ಕೊನೆಯ ಸಲ ಸಾವಂತ್ರವ್ವನ ಹಿತ್ತಲಿಗೆ ಹೋದೆ. ಬೇಸಿನ್ ತವನಪ್ಪನ ಅಂಗಡಿಯ ಬೇಸಿನ್ನಿನ ಹಾಗಿತ್ತು. ಬೆರಳಾಡಿಸಿದೆ, ಎಲ್ಲೂ ಏನೂ ತಾಗಲಿಲ್ಲ. ಮಣೆ ಹಾಕಿಕೊಂಡು ಕುಳಿತು, ಹೋದದ್ದು ಎಂಬ ಕಲಮಿನಲ್ಲಿ, ಗದಿಗಯ್ಯನವರು ಕಲಿಸಿದ ಹಾಗೆ ಬರೆದೆ. ಹೂ ಒಂಬತ್ತು. ಎಲೆ ಮೂವತ್ತನಾಲ್ಕು. ಬಳ್ಳಿಯ ಕುಡಿ ಹನ್ನೊಂದು. ಹೀರೇಕಾಯಿ ಎರಡು. ಇರುವೆ ನೂರ ಎಂಬತ್ತು.